ಗಂಗವ್ವನ ಹೆಸರಿಗೆ ಎಳೆದ ಗೀಟು

ಆ ಬೆಳ್ಳಿಯ ಪದಕ ನನ್ನ ಮೈದುನನೊಬ್ಬನದೇ ಅಲ್ಲ. ಅದರ ಮೇಲೆ ಗಂಗವ್ವನ ಹೆಸರೂ ಇರಬೇಕಾಗಿತ್ತು, ಅವನ ಹೆಸರಿಗಿಂತ ಮೊದಲು ಇರಬೇಕಾಗಿತ್ತು. ಇಲ್ಲದಂತೆ ಮಾಡಿದವಳು ನಾನು. ಒಂದು ಸುಳ್ಳು ಹೇಳಿ ಮಾಡಿದೆ — ತಿಳಿಯದೆ ಅಲ್ಲ, ತಿಳಿದೇ.

ನಾನು ಕನ್ನಡ ಎರಡನೆಯ ಇಯತ್ತೆಯವರೆಗೆ ಕಲಿತವಳು. ಬರೆದು ರೂಢಿಯಿಲ್ಲ. ತಪ್ಪಿದ್ದರೆ ತಿದ್ದಿಕೊಳ್ಳಿ ಮೊಮ್ಮಕ್ಕಳೇ, ಅಕ್ಷರವನ್ನು ಮಾತ್ರ.

ಬೈಲಹೊಂಗಲದಲ್ಲಿ ನಮ್ಮದು ನೂಲಿಗೆ ನೀಲಿ ಹಾಕುವ ಮನೆ. ಪಡಸಾಲೆಯ ಮಗ್ಗುಲಿಗೆ ನೆಲದಲ್ಲಿ ಕುತ್ತಿಗೆಯವರೆಗೆ ಹೂತ ಏಳು ದೊಡ್ಡ ಮಣ್ಣಿನ ಬಾನಿಗಳು. ಅಣ್ಣತಮ್ಮಂದಿರು ಮೂವರು. ಹಿರಿಯವನನ್ನು ಪ್ಲೇಗು ಒಯ್ದಿತು. ಅವನ ಹೆಂಡತಿ ಗಂಗವ್ವ, ಮಕ್ಕಳಿಲ್ಲದವಳು. ನಡುವಿನವನಿಗೆ ನನ್ನನ್ನು ಕೊಟ್ಟಿದ್ದರು. ಕಿರಿಯವನು ಶಿವಲಿಂಗಪ್ಪ, ಪುಣೆಯಲ್ಲಿ ರಸಾಯನ ಓದಿ ಬೆಳಗಾವಿಯ ಕಡೆ ಸಾಲಿಯೊಂದರಲ್ಲಿ ಮಾಸ್ತರನಾಗಿದ್ದ.

ನೀಲಿಯ ಬಾನಿ ಸತ್ತ ನೀರಲ್ಲ, ಅದು ಜೀವದ್ದು. ಸುಣ್ಣ ಹೆಚ್ಚಾದರೆ ಬಿಗಿಯುತ್ತದೆ, ಕಡಿಮೆಯಾದರೆ ಕೊಳೆಯುತ್ತದೆ. ಬೇಯಿಸಿದ ತಗಚಿ ಬೀಜ, ಬೆಲ್ಲ ಹಾಕಿ ಉಣಿಸುತ್ತಿರಬೇಕು. ಯಾವಾಗ ಏನು ಬೇಕು ಎಂಬುದನ್ನು ಗಂಗವ್ವ ಒಂದು ಹನಿ ನಾಲಿಗೆಗೆ ಹಚ್ಚಿಕೊಂಡು ಹೇಳುತ್ತಿದ್ದಳು. ಚಳಿಗೆ ಸತ್ತ ಬಾನಿಗೆ ಜೀವವಿದ್ದ ಬಾನಿಯಿಂದ ಒಂದು ಕೊಡ ತಂದು, ಹಾಲಿಗೆ ಹೆಪ್ಪು ಹಾಕಿದ ಹಾಗೆ ಹಾಕಿ, ಮೂರು ದಿನಕ್ಕೆ ಏಳಿಸುತ್ತಿದ್ದಳು. ಸಂಪಗಾಂವದಿಂದಲೂ ಅವಳನ್ನು ಕರೆಯಲು ಬರುತ್ತಿದ್ದರು.

ನಾನು ಹನ್ನೊಂದು ವರ್ಷ ಅದೇ ಬಾನಿಗಳ ಮಗ್ಗುಲಿಗಿದ್ದೆ, ಆ ವಿದ್ಯೆ ನನಗೆ ಹತ್ತಲಿಲ್ಲ. ಒಮ್ಮೆ ನಾನೂ ಹನಿ ನೆಕ್ಕಿ, ಬೆಲ್ಲ ಬೇಕು ಎಂದೆ. ಗಂಗವ್ವ ತಾನು ನೆಕ್ಕಿ ನೋಡಿದಳು. "ಬೆಲ್ಲ ನಿನಗ ಬೇಕಾಗೇತಿ, ಬಾನಿಗಲ್ಲ. ನಿನ್ನ ನಾಲಿಗಿ ಬರೇ ಜಗಳಕ್ಕ ಐತಿ ತಂಗಿ" ಎಂದಳು. ಎಲ್ಲರೂ ನಕ್ಕರು. ನನ್ನ ಗಂಡ ಎಲ್ಲರಿಗಿಂತ ಜೋರಾಗಿ ನಕ್ಕ. ಅವಳು ಚೇಷ್ಟೆಗೆ ಅಂದದ್ದು — ಆಗಲೂ ಗೊತ್ತಿತ್ತು ನನಗೆ.

ಶಿವಲಿಂಗಪ್ಪ ಎರಡು ವರ್ಷ ಸೂಟಿಗೆ ಬಂದಾಗಲೆಲ್ಲ ಗಾಜಿನ ಕೊಳವೆ, ಸಣ್ಣ ತಕ್ಕಡಿ ಇಟ್ಟುಕೊಂಡು ಅವಳ ಹಿಂದೆ ತಿರುಗಿದ. ಅವಳು ರುಚಿ ಹೇಳುವುದು, ಇವನು ಅಳೆದು ಬರೆಯುವುದು. ಕೊನೆಗೆ ಬಾನಿಯ ರಸಾಯನದ ಮೇಲೆ ಒಂದು ನಿಬಂಧ ಬರೆದ. ರಸಾಯನ ಬಲ್ಲವರ ಮಂಡಳಿಯೊಂದು ಒಳ್ಳೆಯ ಕೆಲಸ ಮಾಡಿದ ರಸಾಯನಕಾರರಿಗೆ ಪದಕ ಕೊಡುತ್ತದೆ, ಅಲ್ಲಿಗೆ ಕಳಿಸುತ್ತೇನೆ ಎಂದ. ನಿಬಂಧದ ತಲೆಯ ಮೇಲೆ ಎರಡು ಹೆಸರು ಬರೆದಿದ್ದ. ಮೊದಲನೆಯದು ಗಂಗವ್ವನದು.

ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ತನ್ನ ಹೆಸರು ಯಾವುದೆಂದು ಅವನಿಂದ ತೋರಿಸಿಕೊಂಡಳು. ಆಮೇಲೆ ಅವನಿಲ್ಲದಾಗ ನನ್ನಿಂದಲೂ ತೋರಿಸಿಕೊಂಡಳು, ಎರಡು ಸಲ. ಗಂಡ ಸತ್ತ ಮೇಲೆ ಅವಳು ಏನನ್ನಾದರೂ ಬಯಸಿದ್ದನ್ನು ನಾನು ಕಂಡದ್ದು ಅದೊಂದನ್ನೇ.

ಪದಕ ಕೊಡುವ ಮುಂಚೆ ಪುಣೆಯಿಂದ ಒಬ್ಬರು ಪಂಡಿತರು ನೋಡಲು ಬಂದರು. ಹೆಸರು ಬರೆದವರು ಕೆಲಸವನ್ನು ಅವರ ಕಣ್ಣ ಮುಂದೆ ಮಾಡಿ ತೋರಿಸಬೇಕು, ಅದು ಮಂಡಳಿಯ ನಿಯಮ. ಪಂಡಿತರು ಬೇರೆ ಮೂರು ಸಣ್ಣ ಬಾನಿಗಳನ್ನು ಬೇಕೆಂದೇ ಕೆಡಿಸಿ ಇಟ್ಟಿದ್ದರು. ಯಾವುದಕ್ಕೆ ಏನು ಕಡಿಮೆ ಎಂದು ಗಂಗವ್ವ ನಾಲಿಗೆಯಿಂದ ಹೇಳಬೇಕು, ಶಿವಲಿಂಗಪ್ಪ ಕೊಳವೆಯಿಂದ. ನೋಡಲು ನೇಕಾರರು ಹತ್ತಿಪ್ಪತ್ತು ಮಂದಿ ನೆರೆದಿದ್ದರು, ಅವರ ನೂಲೆಲ್ಲ ನಮ್ಮ ಬಾನಿಗಳಲ್ಲೇ ಇತ್ತು.

ಗಂಗವ್ವ ನಸುಕಿನಲ್ಲೇ ಜಳಕ ಮಾಡಿ, ಒಗೆದ ಸೀರೆ ಉಟ್ಟು, ಒಳಗಿನ ಕೋಣೆಯಲ್ಲಿ ಕುಳಿತಿದ್ದಳು. ಗಂಡಸರ ನಡುವೆ ಮೊದಲೇ ಬಂದು ನಿಲ್ಲುವುದು ಬೇಡ, ನಾನೇ ಕರೆಯುತ್ತೇನೆ ಎಂದಿದ್ದೆ. ಕರೆಯುವ ಮನಸ್ಸು ಆಗ ಇತ್ತು — ಇತ್ತೆಂದೇ ನೆನಪು. ಅದನ್ನು ನೀವು ನಂಬಬೇಕಾಗಿಲ್ಲ.

ಪಂಡಿತರು ಕಾಗದ ತೆಗೆದು, "ಗಂಗಾಬಾಯಿ ಎಲ್ಲಿ?" ಎಂದು ಕೇಳಿದರು. ಎಲ್ಲರೂ ನನ್ನ ಕಡೆ ನೋಡಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಬಾನಿಯ ಮುಂದೆ ನಿಂತ ನನ್ನನ್ನು ಎಲ್ಲರೂ ನೋಡುತ್ತಿದ್ದರು. ನಾನು ಹೇಳಿದೆ:

"ಆಕಿ ಹೊರಗ ಕುಂತಾಳ್ರಿ."

ನೀಲಿ ಹಾಕುವವರಲ್ಲಿ ಮುಟ್ಟಾದ ಹೆಂಗಸು ನಾಲ್ಕು ದಿನ ಬಾನಿಯ ಹತ್ತಿರ ಸುಳಿಯುವಂತಿಲ್ಲ, ಸುಳಿದರೆ ಬಾನಿ ಸಾಯುತ್ತದೆ ಎಂಬ ನಂಬಿಕೆ. ಆ ನಾಲ್ಕು ದಿನ ಹಿತ್ತಲಿನ ಛಪ್ಪರದಲ್ಲಿ ಇರಬೇಕು. ಈ ಮಾತಿಗೆ ಯಾವ ಗಂಡಸೂ ಎದುರು ಕೇಳುವುದಿಲ್ಲ. ಶಿವಲಿಂಗಪ್ಪನ ಮುಖ ಇಳಿಯಿತು. ನಾಲ್ಕು ದಿನ ತಡೆಯಬಹುದೇ ಎಂದು ಪಂಡಿತರನ್ನು ಬೇಡಿಕೊಂಡ. ಅವರು ಮರುದಿನವೇ ಧಾರವಾಡದಲ್ಲಿ ಇರಬೇಕಿತ್ತು. ಸುಣ್ಣ, ಬೀಜಕ್ಕೆ ಮೈಲಿಗೆ ಏನು ಗೊತ್ತು, ನಾನು ಇದನ್ನು ನಂಬುವವನಲ್ಲ, ಕರೆಯಿರಿ ಎಂದೂ ಅಂದರು. ಆಗ ಒಬ್ಬ ಮುದುಕ ನೇಕಾರ ಎದ್ದು ನಿಂತ. "ನಿಮ್ಮದು ಕಾಗದರಿ, ನಮ್ಮದು ನೂಲರಿ. ಆಕಿ ಈಗ ಇಲ್ಲಿಗೆ ಬಂದ್ರ ನಾವು ನೂಲ ತಗೊಂಡ ಹೋಗತೇವಿ" ಎಂದ.

ಒಳಗಿನ ಕೋಣೆಯ ಬಾಗಿಲು ಮುಚ್ಚಿರಲಿಲ್ಲ, ಬರೀ ಓರೆಯಾಗಿತ್ತು. ಗಂಗವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಹೊರಗೆ ಬಂದು ಸುಳ್ಳು ಎನ್ನಬಹುದಿತ್ತಲ್ಲ, ಎನ್ನುತ್ತೀರಿ. ಅದು ಆಗದ ಮಾತು. ಅಷ್ಟು ಮಂದಿಯ ಮುಂದೆ ಅಂದಾಗಿತ್ತು. ಅವಳು ಹೊಸ್ತಿಲು ದಾಟಿದ್ದರೆ ನಿಜ ಯಾವುದೆಂದು ಯಾರೂ ನಿಂತು ಕೇಳುತ್ತಿರಲಿಲ್ಲ, ಏಳೂ ಬಾನಿಯ ನೂಲು ಹೋಗುತ್ತಿತ್ತು. ಅವಳು ಬಾನಿಗಳನ್ನು ಉಳಿಸಿಕೊಂಡಳು. ಹಿಂದಿನ ಬಾಗಿಲಿನಿಂದ ಇಳಿದು ಛಪ್ಪರಕ್ಕೆ ಹೋದಳು.

ಪಂಡಿತರು ಲೆಕ್ಕಣಿಕೆ ತೆಗೆದು ಮೊದಲನೆಯ ಹೆಸರಿನ ಮೇಲೆ ಒಂದು ಗೀಟು ಎಳೆದರು. ನಾನು ಹತ್ತಿರವೇ ಇದ್ದೆ, ನೋಡಿದೆ. ಶಿವಲಿಂಗಪ್ಪ ಕೊಳವೆಯಲ್ಲಿ ನೋಡಿ ಮೂರಕ್ಕೂ ಸರಿಯಾಗಿ ಹೇಳಿದ — ಹೇಳದೆ ಏನು, ಕಲಿಸಿದವಳು ಅವಳು. ಪದಕ ಅವನಿಗಾಯಿತು.

ಗಂಗವ್ವನಿಗೆ ಮುಟ್ಟು ನಿಂತು ಆಗ ಮೂರು ವರ್ಷ. ಮನೆಯಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ. ಅವಳೇ ನಂಬಿ ಹೇಳಿದ್ದಳು; ಛಪ್ಪರಕ್ಕೆ ಯಾರು ಯಾವಾಗ ಹೋದರೆಂದು ಗಂಡಸರು ಲೆಕ್ಕ ಇಡುವವರಲ್ಲ. ಅದಕ್ಕೇ ಸುಳ್ಳು ಅಷ್ಟು ಸಲೀಸಾಗಿ ಬಂತು, ಹಿಡಿಯುವವರು ಯಾರೂ ಇರಲಿಲ್ಲ. ವಿಧವೆ ನಾಲ್ಕು ಜನರ ಮುಂದೆ ನಿಲ್ಲಬಾರದು, ಮನೆಯ ಮಾನ — ಹೀಗೆಲ್ಲ ಆಮೇಲೆ ನನಗೆ ನಾನೇ ಹೇಳಿಕೊಂಡೆ. ಅದೇನೂ ಅಲ್ಲ. ಹೊಟ್ಟೆಕಿಚ್ಚು.

ಶಿವಲಿಂಗಪ್ಪ ಪದಕ ತೆಗೆದುಕೊಳ್ಳುವಾಗ ಇದೆಲ್ಲ ನಮ್ಮ ಅತ್ತಿಗೆ ಕಲಿಸಿದ್ದು ಎಂದು ಹೇಳಿದನಂತೆ. ಮಂದಿ ಚಪ್ಪಾಳೆ ತಟ್ಟಿದರಂತೆ, ವಿನಯವಂತ ಎಂದರಂತೆ. ಅಚ್ಚಾದದ್ದು ಅವನ ಹೆಸರೊಂದೇ. ಅವನು ನನ್ನ ಮಾತು ನಂಬಿಕೊಂಡೇ ಸತ್ತ. ಗಂಗವ್ವನೂ ಯಾರ ಮುಂದೆಯೂ ಬಾಯಿ ಬಿಡದೆ ಹೋದಳು. ನನಗೆ ಮಾತ್ರ ಒಮ್ಮೆ ಅಂದಳು, ಅದೇ ಸಂಜೆ, ಛಪ್ಪರದಲ್ಲಿ ಕುಳಿತು. "ನಿನಗ ಗೊತ್ತಿತ್ತಲ್ಲ ತಂಗಿ." ಅಷ್ಟೇ. ಆಗಲಾದರೂ ಕಾಲು ಹಿಡಿದಿದ್ದರೆ — ಹಿಡಿಯಲಿಲ್ಲ. ಪಂಡಿತರು ಇನ್ನೂ ಊರಲ್ಲೇ ಇದ್ದರು, ನೂರು ಹೆಜ್ಜೆ ದೂರದಲ್ಲಿ. ಹೋಗಿ ಹೇಳಬಹುದಿತ್ತು.

ಮೊಮ್ಮಕ್ಕಳೇ, ಇದನ್ನು ಓದಿದ ಮೇಲೆ ನನ್ನನ್ನು ಏನು ಬೇಕಾದರೂ ಅನ್ನಿ. ಆದರೆ ಸುಳ್ಳು ಒಂದು ಮಾತಿಗೇ ಮುಗಿಯಿತೆಂದು ತಿಳಿಯಬೇಡಿ. ಅದನ್ನು ನಾಲ್ಕು ದಿನ ಸಾಕಬೇಕಾಗಿತ್ತು.

ಮರುದಿನ ಬೆಳಿಗ್ಗೆ ನಾನು ಎರಡು ರೊಟ್ಟಿ, ಪುಂಡಿಪಲ್ಯ ತೆಗೆದುಕೊಂಡು ಹಿತ್ತಲಿಗೆ ಹೋದೆ. ಬೇಲಿಯಾಚೆ ನೇಕಾರರ ಹೆಂಗಸರು ನೀರು ಸೇದುತ್ತ ನೋಡುತ್ತಿದ್ದರು. ಗಂಗವ್ವ ಎರಡೂ ಕೈ ಒಡ್ಡಿದಳು. ನಾನು ಸೆರಗು ಬಿಗಿ ಹಿಡಿದು, ಮೈ ತಾಗದಂತೆ, ಮೇಲಿನಿಂದ ಅವಳ ಕೈಗೆ ರೊಟ್ಟಿ ಬಿಟ್ಟೆ. ಒಳಗೆ ಬರುವ ಮುಂಚೆ ಕಾಲು ತೊಳೆದುಕೊಂಡೆ.