ಬೇವಿನ ಮರದ ಮೇಲಿನ ಪೆಟ್ಟಿಗೆ

ಅವ್ವ ಅಂಗಡಿಗೆ ಫೋನ್ ಮಾಡುವವಳಲ್ಲ. ಮಾಲೀಕರ ಎದುರು ಮಗಳಿಗೆ ಮುಜುಗರವಾದೀತು ಎಂಬ ಸಂಕೋಚ ಅವಳದು. ಹೀಗಾಗಿ, ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತ ಕೂತಿದ್ದ ನನ್ನನ್ನು ಅವತ್ತು ಬೆಳಿಗ್ಗೆ ಮಾಲೀಕರು ಕರೆದು, "ನಿಮ್ಮ ತಾಯಿಯವರು ಅದಾರ ನೋಡವಾ" ಎಂದು ರಿಸೀವರ್ ಕೊಟ್ಟಾಗಲೇ ನನಗೆ ಏನೋ ಆಗಿದೆ ಎಂದು ಗೊತ್ತಾಯಿತು.

"ಗಳಗನಾಥದಾಗ ಹೊಳಿ ಏರೇತಂತ," ಎಂದಳು ಅವ್ವ. "ನಿಮ್ಮ ಮಾಮಾನ ಮೊಬೈಲ್ ಹತ್ತವಲ್ದು. ನೀ ಲಗೂ ಬಾ. ಇಬ್ಬರೂ ಹೋಗೂಣು."

ಮಾಮಾ ಎಂದರೆ ಅವ್ವನ ಒಬ್ಬನೇ ತಮ್ಮ. ಗಳಗನಾಥದ ಊರಿನಿಂದ ತುಸು ಹೊರಗೆ, ವರದಾ ಹೊಳೆಯ ಕಡೆಗೆ ಇಳಿಯುವ ಹೊಲದಲ್ಲಿ ಮನೆ ಕಟ್ಟಿಕೊಂಡು ಹೆಂಡತಿ ಮತ್ತು ದನಗಳ ಜೊತೆ ಇದ್ದ. ಹೊಲ ಅವನಿಗೆ ನೆಪ. ದನ ಸಾಕುವುದೇ ಅವನ ಬದುಕು. ಅದು ಅವನ ಅಪ್ಪನಿಂದ ಬಂದದ್ದು. ನನ್ನ ಅಜ್ಜ-ಅಜ್ಜಿ ರಾಣೆಬೆನ್ನೂರಿನಾಚೆಯ ಕುರುಚಲು ಕಾವಲಿನಲ್ಲಿ, ಸುತ್ತ ಹತ್ತಿರದಲ್ಲೆಲ್ಲೂ ಒಂದು ಮನೆಯಿಲ್ಲದ ಕಡೆ, ದೊಡ್ಡಿ ಹಾಕಿಕೊಂಡು ದನ ಕಾಯ್ದವರು. ಚಿಗರಿ ಹಿಂಡು, ತೋಳ, ಆಗೀಗ ಹಾದುಹೋಗುವ ಕುರಿಯವರು, ಇಷ್ಟೇ ಅವರ ನೆರೆಹೊರೆ. ಅಗಡಿಯಲ್ಲಿ ಸಾಲಿ ಮಾಸ್ತರರಾಗಿದ್ದ ಅಜ್ಜಿಯ ಅಪ್ಪ ಮಗಳಿಗೆ ಅಕ್ಷರ ಕಲಿಸಿದ್ದರು. ಆಕೆ ಕಾವಲಿನಿಂದ ಅವರಿಗೆ ಕಾಗದ ಬರೆಯುತ್ತಿದ್ದಳು. ತುಪ್ಪದ ಡಬ್ಬಿಯ ಜೊತೆ ಕಾಗದ ಸಂತೆಗೆ ಹೋಗಿ, ಅಲ್ಲಿಂದ ಯಾರದೋ ಕೈಯಲ್ಲಿ ಅಗಡಿ ಮುಟ್ಟುತ್ತಿತ್ತು. ಮಾಸ್ತರರು ತೀರಿಕೊಂಡ ಮೇಲೆ ಆ ಕಾಗದಗಳೆಲ್ಲ ಅಜ್ಜಿಗೇ ಮರಳಿ ಬಂದವು. ಆಕೆ ಅವನ್ನು ದನ ಮೇಯಿಸಲು ಸರ್ಕಾರ ಕೊಡುತ್ತಿದ್ದ ಪಾಸು, ರಸೀದಿಗಳ ಜೊತೆ ಒಂದು ತಗಡಿನ ಪೆಟ್ಟಿಗೆಯಲ್ಲಿಟ್ಟು, ಸಾಯುವ ಮುಂದೆ ಮಗನ ಕೈಗೆ ಕೊಟ್ಟಳು.

ಮಾಮಾನಿಗೆ ಓದಲು ಬರುತ್ತಿರಲಿಲ್ಲ. ಅವ್ವನನ್ನು ಸಣ್ಣಂದಿನಲ್ಲೇ ಓದಲೆಂದು ಅಗಡಿಗೆ ಕಳಿಸಿದ್ದರು. ಕರು ನೋಡಿಕೊಳ್ಳಲು ಒಬ್ಬರು ಬೇಕೆಂದು ಅವನನ್ನು ಕಾವಲಿನಲ್ಲೇ ಉಳಿಸಿಕೊಂಡರು. ನಾವು ಅವನ ಮನೆಗೆ ಹೋದಾಗಲೆಲ್ಲ ಅವ್ವ ಅಟ್ಟದ ಮೇಲಿನ ಆ ಪೆಟ್ಟಿಗೆಯತ್ತ ನೋಡುವಳು, "ಮುಂದಿನ ಸಲ ಬಂದಾಗ ತೆಗದು ಓದೂಣು" ಎನ್ನುವಳು. ಆ ಮುಂದಿನ ಸಲ ಬರಲೇ ಇಲ್ಲ.

ಹಾವೇರಿಯ ಮನೆಯಿಂದ ಅವ್ವನನ್ನು ಕರೆದುಕೊಂಡು ಹೊರಟೆ. ಗುತ್ತಲದವರೆಗೆ ಬಸ್ಸು ಸಿಕ್ಕಿತು. ಅಲ್ಲಿಂದ ಮುಂದೆ ಟೆಂಪೊ. ದಾರಿಯುದ್ದಕ್ಕೂ ಅವ್ವ ಮಾಮಾನ ಮನೆಯ ಗೋಡೆಯ ಬಗ್ಗೆ ಮಾತಾಡಿದಳು, ಮೇವಿನ ಬಣವಿಯ ಬಗ್ಗೆ ಮಾತಾಡಿದಳು. ಟೆಂಪೊದಲ್ಲಿದ್ದ ಒಬ್ಬ, "ಮ್ಯಾಲೆ ಡ್ಯಾಮಿನ ಗೇಟು ತಗದಾರಂತ್ರಿ, ಇನ್ನೂ ಏರ್ತೈತಿ" ಎಂದ ಮೇಲೆ ಹೊಳೆಯ ದಿಕ್ಕಿಗೆ ಕತ್ತು ಚಾಚಿ ನೋಡತೊಡಗಿದಳು.

ಹೊಲದ ಮನೆಗಳವರನ್ನೆಲ್ಲ ಊರಿನ ಶಾಲೆಯಲ್ಲಿ ಇರಿಸಿದ್ದರು. ಮಾಮಾನ ಹೆಂಡತಿ, ನನ್ನ ಅತ್ತಿ, ಒಂದು ಚೀಲದ ಪಕ್ಕ ಕೂತಿದ್ದಳು. ನಮ್ಮನ್ನು ಕಂಡದ್ದೇ ತಡ, ಸೆರಗು ಬಾಯಿಗೆ ಹಿಡಿದಳು.

"ದನಾ ಬಿಡಿಸಿಕೊಂಡು ಬರ್ತೇನಿ ಅಂತ ಹೋಗ್ಯಾರ್ರೀ ಅಕ್ಕಾರ. ನಸುಕಿನ್ಯಾಗ ಹೋದವರು. ಇನ್ನೂ ಬಂದಿಲ್ಲ."

"ಒಬ್ಬನ ಹೋದನೇನು?"

"ಬ್ಯಾಡ ಬ್ಯಾಡ ಅಂದೆ. ಕೇಳಬೇಕಲ್ಲ?"

ಅವ್ವ ಶಾಲೆಯ ಕಟ್ಟೆಯ ತುದಿಗೆ ಹೋಗಿ ನಿಂತಳು. ನಾನೂ ನಿಂತೆ. ಹೊಲಗಳಿದ್ದ ಕಡೆ ಕೆಂಪು ನೀರು ಹರಡಿತ್ತು. ಅದರಲ್ಲಿ ಜಾಲಿಯ ತಲೆಗಳು ಮಾತ್ರ ಕಾಣುತ್ತಿದ್ದವು. ನೀರು ಸದ್ದಿಲ್ಲದೆ ಏರುತ್ತಿತ್ತು. ಅದು ನೋಡಲು ಇನ್ನಷ್ಟು ಹೆದರಿಕೆ ಹುಟ್ಟಿಸುವಂತಿತ್ತು. ಮಧ್ಯಾಹ್ನದ ಹೊತ್ತಿಗೆ ಆ ಕಡೆಯಿಂದ ಇಬ್ಬರು ತೋಯಿಸಿಕೊಂಡು ಬಂದರು. ಅವ್ವ ಅವರನ್ನು ತಡೆದು ಮಾಮಾನ ಬಗ್ಗೆ ಕೇಳಿದಳು. "ಆ ಮನಿ ಗ್ವಾಡಿ ಬಿದ್ದೈತ್ರಿ. ಒಳಗ ಮನಷ್ಯಾರು ಯಾರೂ ಕಾಣಲಿಲ್ಲ," ಎಂದ ಒಬ್ಬ. ಆತ ಸಮಾಧಾನಕ್ಕೆ ಹೇಳಿದನೋ, ಸುಮ್ಮನೆ ಕಂಡದ್ದನ್ನು ಹೇಳಿದನೋ ನನಗೆ ತಿಳಿಯಲಿಲ್ಲ. ಅವ್ವ ನನ್ನ ಮುಂಗೈ ಹಿಡಿದಳು. ಹಿಡಿದವಳು ಬಿಡಲೇ ಇಲ್ಲ. ಯಾರೋ ತಟ್ಟೆಯಲ್ಲಿ ಅನ್ನ ತಂದುಕೊಟ್ಟರು. ಅದು ಹಾಗೇ ಆರಿತು.

ಬಿಸಿಲಿಳಿಯುವ ಮುಂದೆ ದಿನ್ನೆಯ ಕಡೆಯ ದಾರಿಯಲ್ಲಿ ಮೊದಲು ಎಮ್ಮೆಗಳು ಕಂಡವು. ಅವುಗಳ ಹಿಂದೆ ಆಕಳುಗಳು. ಎಲ್ಲಕ್ಕಿಂತ ಹಿಂದೆ, ಹೆಗಲ ಮೇಲೆ ಒಂದು ಎಳೆಗರು ಹೊತ್ತು, ಕೆಸರಲ್ಲಿ ಕಾಲು ಕಿತ್ತಿಡುತ್ತ ಮಾಮಾ ಬಂದ. ಅತ್ತಿ ಓಡಿದಳು. ಅವ್ವ ಕಟ್ಟೆಯ ಮೇಲೇ ನಿಂತಿದ್ದಳು. ಅವನು ಎದುರಿಗೆ ಬಂದಾಗ ಅವಳ ಬಾಯಿಂದ ಬಂದದ್ದು ಬೈಗುಳವೇ.

"ದನಾ ಹೋದ್ರ ಹೋಗ್ಲಿ ಅನ್ನಾಕ ಬರೂದಿಲ್ಲೇನು ನಿನಗ?"

"ಅವು ಕಟ್ಟಿದ್ವಲ್ಲಕ್ಕಾ," ಎಂದ ಮಾಮಾ. "ಕಟ್ಟಿದ ದನಾ ತಾವಾಗೇ ಎಲ್ಲಿಗೆ ಹೋಗ್ತಾವ?"

ದಿನ್ನೆಗೆ ದನ ಹತ್ತಿಸುವಷ್ಟರಲ್ಲಿ ಹಿಂದಿನ ದಾರಿ ಮುಳುಗಿತ್ತಂತೆ. ಬಳಸಿಕೊಂಡು ಬರಲು ಇಷ್ಟು ಹೊತ್ತಾಯಿತಂತೆ. ಅವನು ಚಹಾ ಕುಡಿಯುವವರೆಗೆ ಅವ್ವ ಅವನ ಮುಖವನ್ನೇ ನೋಡುತ್ತ ಕೂತಳು. ಕೇಳಲೋ ಬೇಡವೋ ಎಂದು ಅವಳ ತುಟಿ ಅಲುಗುವುದು ನನಗೂ ಕಾಣುತ್ತಿತ್ತು.

"ಪೆಟ್ಟಿಗಿ ಬಗ್ಗೆ ಕೇಳಬೇಕಂತಿ, ಹೌದಲ್ಲ?" ಎಂದ ಮಾಮಾ.

"ನಾ ಏನೂ ಕೇಳಿಲ್ಲ. ನೀ ಬಂದೀದಿ, ಸಾಕು."

"ಬೇವಿನ ಗಿಡಕ್ಕ ಕಟ್ಟಿ ಬಂದೇನಿ. ಮ್ಯಾಲಿನ ಟೊಂಗಿಗೆ. ಹೊತ್ತುಕೊಂಡು ಬರೂಣಂದ್ರ ಕರ ಇತ್ತು."

ಮರ ನಿಂತೀತೇ, ಹಗ್ಗ ತಾಳೀತೇ, ಯಾರಿಗೂ ಗೊತ್ತಿರಲಿಲ್ಲ. ನೀರಿಳಿಯುವವರೆಗೆ ನಾವು ಅಲ್ಲೇ ಉಳಿದೆವು. ಅವ್ವ ಬೆಳಿಗ್ಗೆ ಎದ್ದವಳೇ ಕಟ್ಟೆಗೆ ಹೋಗಿ ಬೇವಿನ ತಲೆ ಕಾಣುತ್ತದೋ ಎಂದು ಹುಡುಕುವಳು. ಅಷ್ಟು ದೂರದಿಂದ ಯಾವುದು ಬೇವು, ಯಾವುದು ಜಾಲಿ ಎಂದು ಗುರುತಿಸುವಂತಿರಲಿಲ್ಲ. ಕೊನೆಗೆ ಹೊಲದ ದಾರಿ ತೆರೆದಾಗ ಮಾಮಾ ಹೋಗಿ ಪೆಟ್ಟಿಗೆ ಇಳಿಸಿಕೊಂಡು ಬಂದ. ಹೊಳೆಯ ನೀರು ಅದನ್ನು ಮುಟ್ಟಿರಲಿಲ್ಲ. ಮಳೆ ಮುಟ್ಟಿತ್ತು. ತುಕ್ಕು ತಿಂದ ಮೂಲೆಯಿಂದ ನೀರು ಒಳಗಿಳಿದು, ಕಾಗದಗಳೆಲ್ಲ ಒಂದೇ ಮುದ್ದೆಯಾಗಿ ಕೂತಿದ್ದವು.

ಅದನ್ನು ಹಾವೇರಿಗೆ ತಂದೆವು. ನಡುಮನೆಯಲ್ಲಿ ಹಾಸಿಗೆಯ ಚಾದರ ಹಾಸಿ, ಹಳೆಯ ಪೇಪರಿನ ನಡುವೆ ಒಂದೊಂದೇ ಹಾಳೆ ಬಿಡಿಸಿ ಫ್ಯಾನಿನ ಕೆಳಗೆ ಇಟ್ಟೆವು. ಕರೆಂಟು ಹೋದಾಗಲೆಲ್ಲ ಅವ್ವ ಬೀಸಣಿಗೆ ಹಿಡಿದು ಕೂರುವಳು. ಮೊರದ ತುಂಬ ಹರಡಿದ್ದ ಪಾಸು, ರಸೀದಿಗಳಲ್ಲಿ ಶಾಯಿ ಕರಗಿ ನೀಲಿ ಕಲೆ ಮಾತ್ರ ಉಳಿದಿತ್ತು. ಅಜ್ಜನ ಹೆಸರು ಕೂಡ ಕಾಣುತ್ತಿರಲಿಲ್ಲ. ಅಜ್ಜಿಯ ಕಾಗದಗಳು ಮಾತ್ರ ಬಹಳಷ್ಟು ಉಳಿದುಕೊಂಡವು. ಕಾವಲಿನಲ್ಲಿ ಶಾಯಿ ಎಲ್ಲಿ ಸಿಗಬೇಕು? ಆಕೆ ಎಲ್ಲವನ್ನೂ ಸೀಸದ ಕಡ್ಡಿಯಲ್ಲಿ ಬರೆದಿದ್ದಳು.

ಮಾಮಾ ಬಂದದ್ದು ಗೋಡೆ ಎಬ್ಬಿಸುವ ಕೆಲಸ ಮುಗಿದ ಮೇಲೆ. ಇನ್ನೂ ಹರಡಿಯೇ ಇದ್ದ ಕಾಗದಗಳ ನಡುವೆ ಕಾಲಿಡಲು ಹೆದರಿ ಹೊಸ್ತಿಲಲ್ಲೇ ಕೂತ. "ಏನು ಬರದಾಳ, ಓದು," ಎಂದ. ಇಷ್ಟು ವರ್ಷ ಕಾದಿಟ್ಟ ಕಾಗದಗಳ ಒಂದು ಸಾಲನ್ನೂ ಅವನು ಕೇಳಿರಲಿಲ್ಲ ಎಂಬುದು ಆಗ ನನಗೆ ಹೊಳೆಯಿತು.

ಅವ್ವ ಕೈಗೆ ಸಿಕ್ಕದ್ದನ್ನು ಎತ್ತಿಕೊಂಡಳು.

"ತೀರ್ಥರೂಪ ಅಪ್ಪನವರಿಗೆ ನಮಸ್ಕಾರ. ಇವರು ಕಡಸು ಹುಡುಕಲಿಕ್ಕೆ ಹೋಗ್ಯಾರ. ಇನ್ನೂ ಬಂದಿಲ್ಲ. ತೋಳ ಕೂಗೂದು ಸಮೀಪ ಕೇಳತೈತಿ. ದೊಡ್ಡಿ ಬಾಗಲಕ್ಕ ಮುಳ್ಳು ಹಚ್ಚೇನಿ. ಕುರಿಯವರು ರಾಣೆಬೆನ್ನೂರ ಕಡೆ ಹೊಂಟಾರ, ಅವರ ಕೈಯಾಗ ಇದನ್ನ ಕೊಡ್ತೇನಿ. ಮಗಳಿಗೆ ಓದಿ ಹೇಳಬ್ಯಾಡ್ರಿ."

ಅವ್ವ ನಿಲ್ಲಿಸಿದಳು. ಅಗಡಿಯಲ್ಲಿ ಮಾಸ್ತರರು ಪ್ರತಿ ಕಾಗದವನ್ನೂ ಅವಳನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದುತ್ತಿದ್ದರಂತೆ. ಒಂದು ಸಲ ಮಾತ್ರ ಮನಸ್ಸಿನಲ್ಲೇ ಓದಿಕೊಂಡು, ಮಡಚಿ ಅಂಗಿಯ ಜೇಬಿಗೆ ಹಾಕಿ, "ಎಲ್ಲಾರೂ ಆರಾಮ ಅದಾರಂತವಾ" ಎಂದಿದ್ದರಂತೆ. ಆ ದಿನ ಅವರು ಊಟ ಮಾಡಲಿಲ್ಲ ಎಂಬುದೂ ಅವಳಿಗೆ ನೆನಪಿತ್ತು.

"ಮುಂದ ಏನಾತು?" ಎಂದು ಕೇಳಿದವಳು ಅವ್ವ. ಆ ಕಾಗದದ ನಂತರದ್ದು ಮುದ್ದೆಯಾಗಿ ಹರಿದುಹೋಗಿತ್ತು.

"ನಾ ಇದ್ದೆನಲ್ಲ," ಎಂದ ಮಾಮಾ. "ಕಡಸು ಪೊದಿಯೊಳಗ ಕರಾ ಹಾಕಿತ್ತು. ತೋಳ ಸುತ್ತೂ ತಿರಗತಿತ್ತು. ಅಪ್ಪ ಬೆಂಕಿ ಹಾಕ್ಕೊಂಡು ಅಲ್ಲೇ ಕುಂತುಬಿಟ್ಟಿದ್ದ. ಕರಾ ನಡಿಯೂ ಹಂಗಾದ ಮ್ಯಾಲೆ ಎರಡನ್ನೂ ಹೊಡಕೊಂಡು ಬಂದ. ಅವ್ವ ಅವತ್ತು ಅಪ್ಪನ ಕೂಡ ಮಾತಾಡಲಿಲ್ಲ."

"ಮಾತಾಡದಿದ್ದದ್ದ ಬರೋಬ್ಬರಿ," ಎಂದಳು ಅವ್ವ. ಆಮೇಲೆ ಇಬ್ಬರೂ ನಕ್ಕರು. ಅವಳ ಕಣ್ಣಲ್ಲಿ ನೀರಿತ್ತು.

ಇನ್ನೊಂದು ಕಾಗದದಲ್ಲಿ ಅಜ್ಜಿ, ಮಗನನ್ನೂ ಸಾಲಿಗೆ ಹಾಕಬೇಕಿತ್ತು, ಅವನಿಗೆ ಅನ್ಯಾಯ ಮಾಡಿದೆ ಎಂದು ಬರೆದಿದ್ದಳು. ಅವ್ವ ಅದನ್ನು ಓದಲು ಹಿಂಜರಿದಳು, ಆದರೆ ಓದಿದಳು. ಮಾಮಾ ಹೊಸ್ತಿಲಿನಿಂದಲೇ ಕೈ ಚಾಚಿ ಆ ಹಾಳೆ ಇಸಿದುಕೊಂಡ. "ಅಷ್ಟು ವಿಚಾರ ಮಾಡಿದ್ಲೇನು ಆಕಿ?" ಎಂದು ಮೆಲ್ಲಗೆ ಕೇಳಿ, ಹಾಲು ಕರೆಯುವ ಹೊತ್ತಿಗೆ ಊರು ಮುಟ್ಟಬೇಕೆಂದು ಎದ್ದ. ಪೆಟ್ಟಿಗೆ ಅಕ್ಕನ ಬಳಿಯೇ ಇರಲಿ ಎಂದ.

ಹೊಳೆಯ ಹತ್ತಿರದ ಹೊಲ ಬಿಟ್ಟು ಊರೊಳಗೆ ಬಾ ಎಂದು ಅವ್ವ ಎಷ್ಟು ಹೇಳಿದರೂ ಅವನು ಕೇಳಲಿಲ್ಲ. ಆಗ ಅವ್ವ ಬೇರೆ ದಾರಿ ಹಿಡಿದಳು. ಅವನು ಬೇಸಿಗೆಯಲ್ಲಿ ಬಂದಾಗ ಒಂದೇ ಒಂದು ಕಾಗದ ಓದಿ, "ಕಣ್ಣು ನೋಯಾಕತ್ತಾವ, ಉಳಿದದ್ದು ಮಳಿ ಹಿಡದಾಗ ಬಾ, ಓದೂಣು" ಎಂದು ಕಳಿಸಿದಳು. ಮುಂದಿನ ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಏರತೊಡಗಿದ ಸುದ್ದಿ ಬಂದ ದಿನವೇ ಮಾಮಾ ದನಗಳನ್ನು ದಿನ್ನೆಯ ಮೇಲಿನ ಪರಿಚಯದವರ ಕೊಟ್ಟಿಗೆಯಲ್ಲಿ ಕಟ್ಟಿ, ಅತ್ತಿಯನ್ನು ಕರೆದುಕೊಂಡು ನಮ್ಮ ಮನೆ ಬಾಗಿಲಿಗೆ ಬಂದು ನಿಂತ.