ದೊಡ್ಡಮ್ಮನ ಮೂಲಕ

ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಆ ಬೆಳಿಗ್ಗೆ ಅವರೆಕಾಯಿ ಸುಲಿಯುತ್ತಿದ್ದೆನೋ, ತಲೆ ಬಾಚಿಸಿಕೊಳ್ಳುತ್ತಿದ್ದೆನೋ ತಿಳಿಯದು. ದೊಡ್ಡಪ್ಪನ ಕತ್ತು ಮಾತ್ರ ಚೆನ್ನಾಗಿ ನೆನಪಿದೆ. ಕೆಳಗಿನವರು ಮಾತಾಡಿದರೆ ಅದು ಗೋಡೆಯ ಕಡೆ ತಿರುಗುತ್ತಿತ್ತು.

ಅವರು ಮಂಡ್ಯದ ನಾಲೆ ಕಚೇರಿಯಲ್ಲಿ ಓವರ್ಸೀಯರ್. ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಗಳು ಅವರಿಗೆ ಹೇಳಬೇಕು, ಅವರು ಇಂಜಿನಿಯರಿಗೆ. ಮನೆಯಲ್ಲೂ ಅದೇ ಕಾನೂನು. ಮಾವಿನಹಣ್ಣು ಬೇಕೆಂದರೆ, "ದೊಡ್ಡಮ್ಮನ ಮೂಲಕ ಬಾ" ಎನ್ನುತ್ತಿದ್ದರು. ಪಕ್ಕದಲ್ಲೇ ಕೂತಿದ್ದ ದೊಡ್ಡಮ್ಮ ನನ್ನ ಮಾತನ್ನೇ ಮತ್ತೆ ಹೇಳಿದ ಮೇಲೆ ಅವರಿಗೆ ಕಿವಿ ಕೇಳುತ್ತಿತ್ತು. ನಾವು ಮಕ್ಕಳು ಮರೆಯಲ್ಲಿ ಹಾಗೇ ಆಡಿ ನಗುತ್ತಿದ್ದೆವು. ಅಪ್ಪನಿಲ್ಲದ ನನ್ನನ್ನು ಓದಿಸಿದವರೂ ಅವರೇ.

ಆ ಬೆಳಿಗ್ಗೆ ಕೊತ್ತತ್ತಿ ಕಡೆಯ ನೀರುಗಂಟಿ ನಿಂಗ ಓಡಿ ಬಂದಾಗ ದೊಡ್ಡಪ್ಪ ಪೂಜೆಗೆ ಕೂತಿದ್ದರು. ಹಿತ್ತಲ ಬಾಗಿಲಲ್ಲಿ ನಿಂತು, "ಅವ್ವಾರೇ, ನಾಲೆ ಏರಿ ಜಿನುಗ್ತಾ ಅದೆ. ಬುದ್ಧಿಯೋರ್ಗೆ ಈಗ್ಲೇ ಏಳ್ಬುಡಿ" ಎಂದ. ದೊಡ್ಡಮ್ಮ ಒಳಗೆ ಹೋದರು. ಪೂಜೆಯ ಗಂಟೆ ನಿಲ್ಲಲಿಲ್ಲ. ಕಾದು ಸಾಕಾಗಿ ನಿಂಗ ಇಂಜಿನಿಯರ ಬಂಗಲೆಗೇ ಓಡಿದ. ಆಳುಗಳು ಹೋಗಿ ಏರಿಗೆ ಮಣ್ಣು ತುಂಬಿದರು, ಗದ್ದೆಗಳು ಉಳಿದವು. ಇಂಜಿನಿಯರು ದೊಡ್ಡಪ್ಪನನ್ನು ಎಲ್ಲರೆದುರು ಬೈದರಂತೆ.

ಮರುದಿನ ದೊಡ್ಡಪ್ಪ ನಮ್ಮ ಜಗಲಿಯ ಮುಂದೆ ನೀರುಗಂಟಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ನಿಂಗನ ಗುದ್ದಲಿ ಕಸಿದುಕೊಂಡರು. ಮೇಲಿನವರನ್ನು ದಾಟಿ ಹೋದವನಿಗೆ ಕೆಲಸವಿಲ್ಲ ಎಂದರು.

"ಅವ್ವಾರ್ಗೆ ಏಳಿದ್ದೆ ಬುದ್ಧಿ."

"ಹೆಂಗಸರ ಹೆಸರೆತ್ತಬೇಡ."

ಬಾಗಿಲ ಹಿಂದೆ ದೊಡ್ಡಮ್ಮ ನಿಂತಿದ್ದರು, ನಾನೂ ನಿಂತಿದ್ದೆ. ಇಬ್ಬರೂ ಅಲ್ಲಿಂದಲೇ ಅಡುಗೆಮನೆಗೆ ಹೋದೆವು.

ಆಮೇಲೆ ನಿಂಗ ಯಾರಿಂದಲೋ ಅರ್ಜಿ ಬರೆಸಿಕೊಂಡು ದಿನಾ ಬಂದ. ಮನೆಯಲ್ಲಿ ಎರಡು ಕೂಸು, ಒಲೆ ಹೊತ್ತಿಲ್ಲ ಎಂದು ಅಂಗಲಾಚಿದ. ದೊಡ್ಡಪ್ಪ ಕಾಗದ ಮುಟ್ಟದೆ, ಮೇಲಿನವರ ಮೂಲಕ ಕಳಿಸು ಎನ್ನುತ್ತಿದ್ದರು.

"ನನ್ ಮೇಲ್ನೋರು ನೀವೇ ಅಲ್ವರಾ ಬುದ್ಧಿ?"

"ಕೆಲಸವೇ ಇಲ್ಲದವನಿಗೆ ಮೇಲಿನವರು ಯಾರೋ?"

ಜಗಲಿಯಲ್ಲಿ ಜೊತೆಗಿದ್ದ ಕಚೇರಿಯ ಗುಮಾಸ್ತರು ನಕ್ಕರು. ನಾನೂ ನಕ್ಕೆ. ನಗಲಿಲ್ಲ ಎಂದು ಬರೆಯಲು ಮನಸ್ಸಾಗುತ್ತದೆ. ಒಂದು ದಿನ ನಿಂಗ ಬರಲಿಲ್ಲ. ಚಿಕ್ಕ ಕೂಸು ಹೋಯಿತೆಂದೂ, ಉಳಿದವರು ಬೆಳಕವಾಡಿ ಕಡೆ ಕೂಲಿಗೆ ಹೊರಟರೆಂದೂ ಸುದ್ದಿ ಬಂತು. ದೊಡ್ಡಪ್ಪ ಅದನ್ನೂ ದೊಡ್ಡಮ್ಮನ ಬಾಯಿಂದಲೇ ಕೇಳಿಸಿಕೊಂಡು ಮಜ್ಜಿಗೆ ಬಡಿಸು ಎಂದರು.

ಅವರು ತೀರಿಕೊಂಡಾಗ ನಾನು ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದೆ. ಆ ಮನೆಯಲ್ಲಿ ಯಾರೂ ಯಾರನ್ನೂ ಕೇಳದೆ ಊಟಕ್ಕೆ ಕೂತದ್ದನ್ನು ಅಂದೇ ಮೊದಲು ಕಂಡೆ. ಕರ್ಮಾಂತರ ಮುಗಿದ ಮೇಲೆ ದೊಡ್ಡಮ್ಮನ ಹತ್ತಿರ ಹೋಗಿ ಕೂತು ಒಂದು ಮಾತು ಕೇಳಿದೆ.

"ಅವತ್ತು ಒಳಗೆ ಹೋದ್ರಲ್ಲ ದೊಡ್ಡಮ್ಮ, ನಿಂಗ ಹೇಳಿದ್ದನ್ನ ಅವರಿಗೆ ಹೇಳಿದ್ರಾ?"