‘ದೀ’ ಎಂದರೆ ಕೊಡು

ಸಂಜೆ ನಾಲ್ಕೂ ಹತ್ತು. ಹೆಂಚಿನ ಕಾರ್ಖಾನೆಯ ನಾಲ್ಕು ಗಂಟೆಯ ಕೂಗು ನಿಂತು ಹತ್ತೇ ನಿಮಿಷ. ಐವತ್ತರ ದಶಕದ ಆ ದಿನಗಳಲ್ಲಿ ನಮ್ಮ ಗಡಿಯಾರವೆಂದರೆ ಆ ಕೂಗೇ.

ಗುರುಪುರ ನದಿಯಿಂದ ಕಾರ್ಖಾನೆಯವರೆಗೆ ಒಂದು ಕಾಲುವೆ. ಅದಕ್ಕೆ ಅಡ್ಡಲಾಗಿ ಎರಡು ಹಲಗೆ ಬಾಗಿಲು, ಒಂದಕ್ಕಿಂತ ಒಂದು ಎತ್ತರದಲ್ಲಿ. ಜೇಡಿಮಣ್ಣಿನ ದೋಣಿ ಒಳಬಂದೊಡನೆ ಹಿಂದಿನ ಬಾಗಿಲು ಮುಚ್ಚಿ, ಮುಂದಿನದರ ಹಲಗೆಗಳನ್ನು ಒಂದೊಂದೇ ಎತ್ತಿ ನೀರು ಬಿಟ್ಟರೆ ದೋಣಿ ನಿಧಾನಕ್ಕೆ ಮೇಲೇರುತ್ತಿತ್ತು. ನಾವು ಮಕ್ಕಳು ಅದನ್ನು ನೀರಿನ ಮೆಟ್ಟಿಲು ಎನ್ನುತ್ತಿದ್ದೆವು. ಕೆಳಗಿನ ಬಾಗಿಲಿಗೆ ಕೊರಗಪ್ಪಣ್ಣ, ಮೇಲಿನದಕ್ಕೆ ಅವರ ಹೆಂಡತಿ ಕಮಲಕ್ಕ. ನೀರಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳದು. ನಡುವೆ ದಂಡೆಯ ಮೇಲೆ ನಿಂತು ಮಾತು ದಾಟಿಸುವುದು ನನ್ನ ಆಟ. ಬೊಂಬಾಯಿಯಿಂದ ಮರಳಿ ತಿಂಗಳಾಗಿತ್ತಷ್ಟೇ; ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ತುಳು ಇನ್ನೂ ನಾಲಿಗೆಗೆ ಹತ್ತಿರಲಿಲ್ಲ.

ಮೊಂತಿ ಹಬ್ಬ ಹತ್ತಿರವಿತ್ತು. ನಮ್ಮ ಇಗರ್ಜಿಯಲ್ಲಿ ಯೇಸುವಿನ ತಾಯಿ ಮರಿಯಮ್ಮನಿಗೆ ಹಾಕಲು ಮಕ್ಕಳೆಲ್ಲ ಹೂ ಕೊಯ್ಯುವ ದಿನಗಳು. ಆ ಸಂಜೆ ಐದು ವರ್ಷದ ತಮ್ಮ ವಲ್ಲಿ ಹೂವಿನ ಬುಟ್ಟಿ ಹಿಡಿದು ಮಣ್ಣಿನ ದೋಣಿಯಲ್ಲಿ ಕೂತು ಬಂದ.

“ಫ್ಲೋರಿ, ನೋಡು, ನನ್ನತ್ರವೇ ಜಾಸ್ತಿ ಉಂಟು!”

ದೋಣಿಯವ ಹಗ್ಗ ಕಟ್ಟಲು ದಂಡೆಗೆ ಹಾರಿದ. ಕಟ್ಟುವ ಮೊದಲೇ ಕಮಲಕ್ಕ ಒಂದು ಹಲಗೆ ಎತ್ತಿಬಿಟ್ಟರು. ನನ್ನೊಡನೆ ಕನ್ನಡ ಆಡುತ್ತಿದ್ದ ಕೊರಗಪ್ಪಣ್ಣ, ಅದನ್ನು ಮರಳಿ ಇಡೆಂದು ಗಾಬರಿಯಲ್ಲಿ ತುಳುವಿನಲ್ಲೇ ಕೂಗಿದರು. ಮುಂದಿನ ಹಿಂದಿನ ಮಾತನ್ನೆಲ್ಲ ನೀರು ನುಂಗಿ, ನನ್ನ ಕಿವಿಗೆ ಬಿದ್ದದ್ದು ‘ದೀ’ ಮಾತ್ರ. ತುಳುವಿನಲ್ಲಿ ಹಾಗೆಂದರೆ ಇಡು. ನಮ್ಮ ಕೊಂಕಣಿಯಲ್ಲಿ ಕೊಡು.

“ಎಂತ ಹೇಳ್ತಾರೆ?” ಕಮಲಕ್ಕ ಕೇಳಿದರು.

“ನೀರು ಕೊಡ್ಬೇಕಂತೆ!”

“ಎಲ್ಲ ಒಟ್ಟಿಗೆಯಾ?”

“ಹೌದಂತೆ!”

ಆ ‘ಹೌದಂತೆ’ ಯಾರೂ ಹೇಳಿದ್ದಲ್ಲ, ಪೂರ್ತಿ ನನ್ನದೇ.

ಹಲಗೆಗಳು ಎದ್ದವು. ದೋಣಿ ಗೋಡೆಗೆ ಬಡಿದು ಮಗುಚಿತು. ನೀರಿನ ಮೇಲೆ ಹೂಗಳಿದ್ದವು, ವಲ್ಲಿ ಇರಲಿಲ್ಲ. ಕೊರಗಪ್ಪಣ್ಣ ಹಾರಿದರು. ಬರಿಗೈಯಲ್ಲಿ ಎದ್ದರು. ಮತ್ತೆ ಮುಳುಗಿದರು. ಎರಡನೆಯ ಸಲ ಅವರ ಕಂಕುಳಲ್ಲಿ ವಲ್ಲಿಯಿದ್ದ, ಬಾಯಿ ತುಂಬ ಕೆಂಪು ಮಣ್ಣು, ಕೆಮ್ಮುತ್ತ.

ಓಡಿಬಂದ ಅಪ್ಪನನ್ನು, ಊರಿನವರು ಕ್ರೈಸ್ತರನ್ನು ಕರೆಯುವ ಹಾಗೆಯೇ ಕರೆದು, ಅವರು ಹೇಳಿದ್ದಿಷ್ಟೆ: “ನೀರು ಜೋರು ಬಂತು ಪೊರ್ಬುಗಳೇ. ಮಕ್ಕಳದ್ದು ಎಂತ ತಪ್ಪು?”

ಮುಂದೆ ಕಾಲೇಜಿನಲ್ಲಿ ನೀರಿನ ಒತ್ತಡದ ಪಾಠ ನಡೆಯುವಾಗಲೂ ನನಗೆ ಕೇಳಿದ್ದು ಆ ಹಲಗೆಗಳ ಸದ್ದೇ. ಆ ಘಟನೆಯ ಮರುದಿನಗಳಲ್ಲಂತೂ ರಾತ್ರಿ ಕಣ್ಣು ಮುಚ್ಚಿದರೆ ಬರಿಯ ಹೂಗಳು ತೇಲುತ್ತಿದ್ದವು. ಎದ್ದು, ಉಸಿರಿದೆಯೇ ಎಂದು ವಲ್ಲಿಯ ಮೂಗಿಗೆ ಬೆರಳು ಹಿಡಿದರೆ ಅಲ್ಲಿ ಅಮ್ಮನ ಕೈ ಮೊದಲೇ ಇರುತ್ತಿತ್ತು.

ಹಬ್ಬದ ದಿನ ಅಮ್ಮ ಹೊಸ ಅಕ್ಕಿಯ ಪಾಯಸ ಕೊಟ್ಟು ನನ್ನನ್ನು ಕೊರಗಪ್ಪಣ್ಣನ ಮನೆಗೆ ಕಳಿಸಿದಳು. ಪಾತ್ರೆ ಇಡುವ ಮೊದಲೇ ಎಲ್ಲ ಹೇಳಿ ಅತ್ತುಬಿಟ್ಟೆ. ಕೊರಗಪ್ಪಣ್ಣ ಜೋರಾಗಿ ನಕ್ಕರು.

“ನಾನು ಇಡು ಹೇಳಿದ್ರೆ ನೀನು ಕೊಟ್ಟೇ ಬಿಟ್ಟಿಯಾ ಮಾರಾಯ್ತಿ!”

“ನಗ್ಬೇಡಿ. ಇಷ್ಟು ದಿನ ಹೊಟ್ಟೆಯಲ್ಲಿ ಇಟ್ಕೊಂಡು ಕೂತಿದೆ ಮಗು,” ಎಂದು ಕಮಲಕ್ಕ ಗದರಿದರು.

ಕೊರಗಪ್ಪಣ್ಣ ಮುಷ್ಟಿ ಬಿಗಿದು ತೋರಿಸಿದರು. “ಇದು ಇಡು.” ಅಂಗೈ ಬಿಡಿಸಿದರು. “ಇದು ಬಿಡು. ನಾಳೆಯಿಂದ ಬಾಯಿ ಬೇಡ, ಕೈ ಸಾಕು. ಬರ್ತಿ ಅಲ್ವಾ?”

ಅರವತ್ತರ ದಶಕದಲ್ಲಿ ಮಣ್ಣು ತರಲು ಲಾರಿ ಬಂತು. ಕಾಲುವೆಯನ್ನು ತುಂಬಿಸಿ ರಸ್ತೆ ಮಾಡಿದರು. ಬಸ್ಸು ಅಲ್ಲಿ ಗೇರು ಬದಲಿಸಿ ಒಂದಿಷ್ಟು ಏರುತ್ತದೆ. ಆ ಏರು ನೀರಿನದ್ದೆಂದು ನನಗೂ ವಲ್ಲಿಗೂ ಬಿಟ್ಟರೆ ಇನ್ನು ಯಾರಿಗೆ ಗೊತ್ತು!

ಆ ಹಬ್ಬದ ರಾತ್ರಿ ಮುಷ್ಟಿ ಬಿಗಿದೇ ಮಲಗಿದೆ. ಕಣ್ಣು ಬಿಟ್ಟಾಗ ಕಾರ್ಖಾನೆ ಬೆಳಗಿನ ಕೂಗು ಹಾಕುತ್ತಿತ್ತು. ವಲ್ಲಿಯ ಮೂಗಿನ ಬಳಿ ಯಾರ ಕೈಯೂ ಇರಲಿಲ್ಲ; ಅಮ್ಮ ಇನ್ನೂ ನಿದ್ದೆಯಲ್ಲಿದ್ದಳು.